ಅಲಸಂದೆಯ ನಂಜು

ಅಲಸಂದೆ ಹೊಲದಲ್ಲಿ ಒಂದು ಗಿಡದ ಎಲೆ ಹಳದಿ ಹಸಿರು ತೇಪೆ ಹಾಕಿದಂತಾಗಿ, ಅಂಚು ಮುದುಡಿಕೊಂಡು, ಏಳಲಾರದೆ ನಿಂತರೆ ರೈತರು ಹೆಚ್ಚು ಯೋಚಿಸುವುದಿಲ್ಲ. ನಂಜುರೋಗ ಹತ್ತಿತು ಎಂದು ಬುಡಸಮೇತ ಕಿತ್ತು ಬದುವಿನಾಚೆ ಎಸೆಯುತ್ತಾರೆ. ಬಿಟ್ಟರೆ ಎಲೆ ತಿನ್ನುವ ದುಂಬಿ ಅದನ್ನು ಪಕ್ಕದ ಸಾಲಿಗೆ ದಾಟಿಸುತ್ತದೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗಾದ ಕೆಲಸ. ಅಲ್ಲಿ ಚೆನ್ನಾಗಿ ಚಿಗುರಿದ ಅಲಸಂದೆ ಸಸಿಗೆ ಬೇಕೆಂದೇ ನಂಜು ಹತ್ತಿಸುತ್ತಾರೆ. ರೋಗ ಗಿಡದ ತುಂಬ ಹರಡಿದ ಮೇಲೆ ಎಲೆ ಕೊಯ್ದು, ಅರೆದು, ಸೋಸಿ, ನಂಜಾಣುವನ್ನಷ್ಟೇ ಬೇರ್ಪಡಿಸುತ್ತಾರೆ. ಅದನ್ನು ಕ್ಯಾನ್ಸರ್ ಗಡ್ಡೆಗೆ ಚುಚ್ಚಿ ನೋಡುವುದು ಅವರ ಉದ್ದೇಶ.

ಈ ಕತೆಗೆ ಆಮೇಲೆ ಬರುತ್ತೇನೆ. ಅದಕ್ಕೂ ಮುಂಚೆ ನಮ್ಮ ಚಿಕ್ಕಮ್ಮನ ಫೋನಿನ ವಿಷಯ ಹೇಳಬೇಕು. ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ, ಕಿಮೋ ಮುಗಿದಿದೆ, ಈಗ ರೇಡಿಯೇಷನ್ ನಡೆಯುತ್ತಿದೆ. ರೋಗದ ಸುದ್ದಿ ನೆಂಟರಿಷ್ಟರಿಗೆ ತಿಳಿದ ದಿನದಿಂದ ಅವರ ವಾಟ್ಸಾಪ್‌ಗೆ ಎಲೆ, ಬೇರು, ತೊಗಟೆ, ಹಣ್ಣುಗಳ ಮಳೆಯೇ ಸುರಿಯುತ್ತಿದೆ. ಮೊದಲೆಲ್ಲ ಅಮೃತಬಳ್ಳಿ ಕಷಾಯ, ಗೋಧಿ ಹುಲ್ಲಿನ ರಸ ಬರುತ್ತಿದ್ದವು. ಈಚೆಗೆ ಆ ಸಾಲಿಗೆ ಇನ್ನೊಂದು ಮಾತು ಸೇರಿಕೊಂಡಿದೆ: ನ್ಯಾನೊ. ಬೇವಿನ ನ್ಯಾನೊ, ತುಳಸಿ ನ್ಯಾನೊ, ಅರಿಸಿನದ ನ್ಯಾನೊ. ‘ಕ್ಯಾನ್ಸರ್ ಕೋಶಗಳನ್ನು ನಾಶ ಮಾಡುವ ಸಸ್ಯಮೂಲ ನ್ಯಾನೊ ಕಣ, ಅಡ್ಡಪರಿಣಾಮವಿಲ್ಲ’ ಎಂಬ ಒಕ್ಕಣೆ. ಕೆಳಗೆ ಯಾವುದೋ ಕಾಲೇಜಿನ ಪ್ರಯೋಗಾಲಯದಲ್ಲಿ ಬಿಳಿ ಕೋಟು ತೊಟ್ಟವರ ಫೋಟೊ. ಅಜ್ಜಿಯ ಮದ್ದಿನ ಭರವಸೆ, ಹೊಸ ವಿಜ್ಞಾನದ ಠೀವಿ ಎರಡೂ ಒಂದೇ ಪೊಟ್ಟಣದಲ್ಲಿ.

ಇವೆಲ್ಲ ಸುಳ್ಳು ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಕ್ಯಾನ್ಸರಿನ ಒಳ್ಳೊಳ್ಳೆಯ ಔಷಧಿಗಳು ಗಿಡಮರಗಳಿಂದಲೇ ಬಂದಿವೆ. ಅಂಗಳದ ನಿತ್ಯಪುಷ್ಪದಿಂದ ತೆಗೆದ ವಿನ್‌ಕ್ರಿಸ್ಟಿನ್ ಇಲ್ಲದೆ ಇಂದಿಗೂ ಮಕ್ಕಳ ರಕ್ತ ಕ್ಯಾನ್ಸರಿಗೆ ಚಿಕಿತ್ಸೆ ಪೂರ್ತಿಯಾಗುವುದಿಲ್ಲ. ನ್ಯಾನೊ ಕಣಗಳ ರೂಪದಲ್ಲಿ ಕೊಡುವ ಕ್ಯಾನ್ಸರ್ ಔಷಧಿಗಳು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿ ಇರುವುದೂ ನಿಜ. ನನ್ನ ತಕರಾರು ‘ಸಸ್ಯಮೂಲ’ ಎಂಬ ಒಂದೇ ಪದದ ಕುರಿತು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕಾರು ಸಂಗತಿಗಳನ್ನು ಅದು ಒಂದೇ ಚೀಲಕ್ಕೆ ತುಂಬುತ್ತದೆ. ಇಂಥ ಸುದ್ದಿ ಕಣ್ಣಿಗೆ ಬಿದ್ದಾಗಲೆಲ್ಲ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇಲ್ಲಿ ಗಿಡ ಮಾಡುತ್ತಿರುವ ಕೆಲಸವಾದರೂ ಏನು?

ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಗೆಳೆಯನೊಬ್ಬ ಒಮ್ಮೆ ಬೇವಿನೆಲೆಯ ನ್ಯಾನೊ ಕಣ ಮಾಡಿ ತೋರಿಸಿದ. ಎಲೆ ತೊಳೆದು, ನೀರಿನಲ್ಲಿ ಕುದಿಸಿ, ಸೋಸಿದ. ಥೇಟ್ ಮನೆಯ ಕಷಾಯ. ಸಿಲ್ವರ್ ನೈಟ್ರೇಟ್ ಕರಗಿಸಿದ ನೀರಿಗೆ ಅದನ್ನು ಸ್ವಲ್ಪ ಸ್ವಲ್ಪವೇ ಬೆರೆಸಿದ. ತಿಳಿಹಳದಿ ಬಣ್ಣ ನೋಡನೋಡುತ್ತಿದ್ದಂತೆ ಕಂದಿ, ಕೊನೆಗೆ ಕಾಫಿ ಡಿಕಾಕ್ಷನ್ನಿನಂತಾಯಿತು. ಎಲೆಯಲ್ಲಿರುವ ಫೀನಾಲುಗಳು, ಫ್ಲೇವನಾಯ್ಡ್‌ಗಳು ಕರಗಿದ ಬೆಳ್ಳಿಯ ಅಯಾನುಗಳಿಗೆ ಎಲೆಕ್ಟ್ರಾನು ಕೊಟ್ಟು ಅವನ್ನು ಲೋಹದ ಬೆಳ್ಳಿಯಾಗಿಸುತ್ತವೆ. ಬೆಳ್ಳಿ ಹತ್ತಾರು ನ್ಯಾನೊಮೀಟರಿನ ಹರಳುಗಳಾಗಿ ಕೂಡಿಕೊಳ್ಳುವಾಗ ಬಣ್ಣ ಬದಲಾಗುತ್ತದೆ. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪವೇ ಎಂಬತ್ತು ಸಾವಿರದಿಂದ ಒಂದು ಲಕ್ಷ ನ್ಯಾನೊಮೀಟರ್. ಎಲೆಯ ಕಷಾಯದಿಂದ ಹೀಗೆ ಲೋಹದ ಕಣಗಳನ್ನು ಮಾಡಬಹುದೆಂದು 2003–04ರ ಹೊತ್ತಿಗೆ ತೋರಿಸಿದವರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುರಳಿ ಸಾಸ್ತ್ರಿ ಅವರ ತಂಡ ಪ್ರಮುಖವಾದುದು. ಜೆರೇನಿಯಂ, ಬೇವು, ಮಜ್ಜಿಗೆಹುಲ್ಲು ಅವರು ಬಳಸಿದ ಗಿಡಗಳು. ವಿಷಕಾರಿ ರಾಸಾಯನಿಕಗಳನ್ನು ಬಿಟ್ಟು ಸುಲಭವಾಗಿ, ಅಗ್ಗವಾಗಿ ನ್ಯಾನೊ ಕಣ ತಯಾರಿಸುವ ಚಂದದ ಉಪಾಯವದು. ಅವರು ತೋರಿಸಲು ಹೊರಟಿದ್ದೂ ಅದನ್ನೇ.

ಇಲ್ಲಿ ಗಿಡದ್ದು ಅಡುಗೆಭಟ್ಟನ ಕೆಲಸ. ಬಡಿಸುವುದು ಬೆಳ್ಳಿಯನ್ನು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಈ ಕಂದು ದ್ರವ ಹಾಕಿದಾಗ ಅವು ಸತ್ತರೆ ಅದಕ್ಕೆ ಬಹುಮಟ್ಟಿಗೆ ಬೆಳ್ಳಿಯೇ ಕಾರಣ, ಬೇವಿನ ಗುಣ ಅಲ್ಲ. ಆದರೂ ಬಳಿಕ ಬಂದ ಪ್ರಬಂಧಗಳ ಮಹಾಪೂರದಲ್ಲಿ ಬೇವಿನ ಜಾಗಕ್ಕೆ ತುಳಸಿ ಬಂತು, ನೆಲ್ಲಿ ಬಂತು, ನುಗ್ಗೆ ಬಂತು, ಪಾರ್ಥೇನಿಯಂ ಕೂಡ ಬಂತು. ಗಿಡ ಬದಲಾದಂತೆ ಶೀರ್ಷಿಕೆ ಬದಲಾಗುತ್ತದೆ, ಫಲಿತಾಂಶ ಮಾತ್ರ ಹೆಚ್ಚುಕಡಿಮೆ ಅದೇ: ಬಣ್ಣ ತಿರುಗಿತು, ಕಣ ಸಿಕ್ಕಿತು, ಕೋಶ ಸತ್ತಿತು. 1951ರಲ್ಲಿ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಅಮೆರಿಕದ ಹೆಣ್ಣುಮಗಳ ಗರ್ಭಕೊರಳಿನ ಗಡ್ಡೆಯಿಂದ ತೆಗೆದ ಹೇಲಾ ಕೋಶಗಳು ಜಗತ್ತಿನ ಪ್ರಯೋಗಾಲಯಗಳಲ್ಲಿ ಇಂದಿಗೂ ಬೆಳೆಯುತ್ತಿವೆ. ಇಂಥ ಪ್ರಬಂಧಗಳಲ್ಲಿ ಅಷ್ಟು ಸಲ ‘ಗುಣವಾದ’ ಕ್ಯಾನ್ಸರ್ ಲೋಕದಲ್ಲಿ ಬಹುಶಃ ಇನ್ನೊಂದಿಲ್ಲ.

ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವುದು ದೊಡ್ಡ ಸಾಹಸವೇನಲ್ಲ. ಉಪ್ಪು ಹೆಚ್ಚಾದರೂ ಅವು ಸಾಯುತ್ತವೆ, ವಿನಿಗರ್ ಬಿದ್ದರೂ ಸಾಯುತ್ತವೆ. ಕಷ್ಟವಿರುವುದು ಪಕ್ಕದಲ್ಲೇ ಇರುವ ಕರುಳಿನ, ಮಜ್ಜೆಯ, ಕೂದಲಬುಡದ ಕೋಶಗಳನ್ನು ಉಳಿಸಿಕೊಂಡು ಗಡ್ಡೆಯದನ್ನಷ್ಟೇ ಕೊಲ್ಲುವುದರಲ್ಲಿ. ಲಕ್ಷ್ಮಣಫಲದ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ಕೆಲವರು ಹನುಮಫಲ ಎಂದು ಕರೆಯುವ ಮುಳ್ಳುಸಿಪ್ಪೆಯ ಈ ಹಣ್ಣು ಕಿಮೋಗಿಂತ ಹತ್ತು ಸಾವಿರ ಪಟ್ಟು ಪ್ರಬಲ ಎಂಬ ಸಂದೇಶ ಚಿಕ್ಕಮ್ಮನಿಗೆ ಕನಿಷ್ಠ ಆರು ಜನರಿಂದ ಬಂದಿದೆ. ಆ ಹತ್ತು ಸಾವಿರ ಗಾಳಿಯಲ್ಲಿ ಹುಟ್ಟಿದ ಅಂಕಿಯಲ್ಲ. ಹಣ್ಣಿನ ಬೀಜದಿಂದ ಬೇರ್ಪಡಿಸಿದ ಒಂದು ವಸ್ತು, ಒಂದು ಬಗೆಯ ಕರುಳು ಕ್ಯಾನ್ಸರ್ ಕೋಶಗಳ ಮೇಲೆ, ಅಡ್ರಿಯಾಮೈಸಿನ್ ಎಂಬ ಕಿಮೋ ಔಷಧಿಗಿಂತ ಹತ್ತು ಸಾವಿರ ಪಟ್ಟು ತೀಕ್ಷ್ಣವಾಗಿ ಕೆಲಸ ಮಾಡಿತೆಂದು 1996ರ ಒಂದು ಪ್ರಬಂಧದಲ್ಲಿ ವರದಿಯಾಗಿತ್ತು. ಅದೂ ತಟ್ಟೆಯಲ್ಲಿ. ಮುಂದಿನ ಕಾಲು ಶತಮಾನದಲ್ಲಿ ಬೀಜ ಹೋಗಿ ಹಣ್ಣಾಯಿತು, ಒಂದು ಬಗೆಯ ಕೋಶ ಹೋಗಿ ಎಲ್ಲ ಕ್ಯಾನ್ಸರ್ ಆಯಿತು, ತಟ್ಟೆ ಮಾಯವೇ ಆಯಿತು. ಅದೇ ಜಾತಿಯ ಹಣ್ಣು ಮತ್ತು ಎಲೆಯ ಚಹಾವನ್ನು ಹೆಚ್ಚಾಗಿ ಬಳಸುವ ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ಹೋಲುವ ನರರೋಗಕ್ಕೂ ಅದಕ್ಕೂ ನಂಟಿರಬಹುದೆಂದು 1999ರಲ್ಲೇ ವೈದ್ಯರು ಎಚ್ಚರಿಸಿದ್ದು ಯಾವ ಸಂದೇಶದಲ್ಲೂ ಕಾಣಲಿಲ್ಲ.

ಇನ್ನು ಕಣವನ್ನು ದೇಹಕ್ಕೆ ಬಿಟ್ಟರೆ ಏನಾಗುತ್ತದೆ? ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಕಟ್ಟಿದ ಗೋಡೆಯಂತೆ, ಬಿರುಕು ಹೆಚ್ಚು. ನ್ಯಾನೊ ಗಾತ್ರದ ಕಣಗಳು ಆ ಬಿರುಕಿನಲ್ಲಿ ನುಸುಳಿ ಗಡ್ಡೆಯಲ್ಲೇ ತಂಗುತ್ತವೆ ಎಂದು 1986ರಲ್ಲಿ ಜಪಾನಿನ ಮತ್ಸುಮುರಾ ಮತ್ತು ಮಾಯೆದಾ ಹೇಳಿದ ಮೇಲೆ ಈ ಕ್ಷೇತ್ರಕ್ಕೆ ರೆಕ್ಕೆ ಬಂತು. ಮೂವತ್ತು ವರ್ಷದ ನಂತರ ಟೊರಾಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ಅವರ ತಂಡ ಅದುವರೆಗಿನ ಹತ್ತು ವರ್ಷದ ಪ್ರಾಣಿ ಪ್ರಯೋಗಗಳನ್ನೆಲ್ಲ ಕಲೆಹಾಕಿ ಲೆಕ್ಕ ಮಾಡಿತು. ರಕ್ತಕ್ಕೆ ಚುಚ್ಚಿದ ನ್ಯಾನೊ ಕಣಗಳಲ್ಲಿ ಗಡ್ಡೆಗೆ ತಲುಪುವ ಪಾಲಿನ ಮಧ್ಯಾಂಕ ಶೇಕಡಾ 0.7. ಸಾವಿರ ಕಣ ಕಳಿಸಿದರೆ ಮುಟ್ಟಬೇಕಾದಲ್ಲಿ ಮುಟ್ಟುವುದು ಏಳು. ಮಿಕ್ಕವುಗಳಲ್ಲಿ ದೊಡ್ಡ ಪಾಲನ್ನು ಯಕೃತ್ತು ಮತ್ತು ಗುಲ್ಮ ನುಂಗುತ್ತವೆ. ಹೊರಗಿನ ಕಣಗಳನ್ನು ಹಿಡಿದು ಹಾಕುವುದೇ ಅವುಗಳ ಕಸುಬು. 2016ರ ಈ ಲೆಕ್ಕ ಓದಿದ ಮೇಲೂ ‘ನೇರವಾಗಿ ಗಡ್ಡೆಗೇ ಹೋಗಿ ದಾಳಿ ಮಾಡುತ್ತದೆ’ ಎಂದು ಯಾರಾದರೂ ಬರೆದರೆ ನನಗೆ ವಿಳಾಸವಿಲ್ಲದ ಅಂಚೆಯ ನೆನಪಾಗುತ್ತದೆ.

ವಿಳಾಸ ಬರೆಯುವ ಕೆಲಸಕ್ಕೂ ಗಿಡವನ್ನು ಬಳಸಿಕೊಂಡವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ ನೆಲೆ ನಿಂತ ಕನ್ನಡಿಗ ಕಟ್ಟೇಶ ಕಟ್ಟಿ ಅಂಥವರು. ಅವರ ತಂಡ ವಿಕಿರಣಶೀಲ ಚಿನ್ನದ ನ್ಯಾನೊ ಕಣಗಳಿಗೆ ಚಹಾ ಎಲೆಯ ಒಂದು ವಸ್ತುವನ್ನು ಲೇಪಿಸಿತು. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೈಮೇಲೆ ಹೇರಳವಾಗಿರುವ ಒಂದು ಗ್ರಾಹಕಕ್ಕೆ ಆ ವಸ್ತು ಅಂಟಿಕೊಳ್ಳುತ್ತದೆ. ಗಡ್ಡೆಗೇ ನೇರವಾಗಿ ಚುಚ್ಚಿದ ಒಂದು ಡೋಸಿನಿಂದ ನಾಲ್ಕು ವಾರದಲ್ಲಿ ಇಲಿಗಳ ಗಡ್ಡೆ ಶೇಕಡಾ 80ರಷ್ಟು ಕುಗ್ಗಿತೆಂದು 2012ರಲ್ಲಿ ಅವರು ವರದಿ ಮಾಡಿದರು. ಇಲ್ಲಿ ಕೋಶ ಕೊಲ್ಲುವುದು 2.7 ದಿನಕ್ಕೊಮ್ಮೆ ಅರ್ಧಕ್ಕಿಳಿಯುವ ಚಿನ್ನದ ವಿಕಿರಣ. ಚಹಾ ಅದನ್ನು ಗಡ್ಡೆಯಲ್ಲಿ ಹಿಡಿದು ನಿಲ್ಲಿಸುವ ಅಂಟು. ಗಿಡದ ಪಾತ್ರ ಚಿಕ್ಕದು, ಆದರೆ ಸ್ಪಷ್ಟ. ‘ಚಹಾದಿಂದ ಕ್ಯಾನ್ಸರ್ ಗುಣ’ ಎಂಬ ತಲೆಬರಹ ಕೊಟ್ಟವರು ಕೆಟ್ಟದ್ದು ಮಾಡಿದ್ದು ಆ ಸ್ಪಷ್ಟತೆಗೆ.

ಹಾಗಾದರೆ ಎಲ್ಲ ಪರೀಕ್ಷೆ ದಾಟಿ ಆಸ್ಪತ್ರೆ ಸೇರಿದ ಸಸ್ಯಮೂಲ ನ್ಯಾನೊ ಔಷಧಿ ಯಾವುದೂ ಇಲ್ಲವೇ? ಇದೆ. 1962ರಲ್ಲಿ ಆರ್ಥರ್ ಬಾರ್ಕ್ಲೇ ಎಂಬ ಸಸ್ಯವಿಜ್ಞಾನಿ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಯೂ ಮರದ ತೊಗಟೆ ಸಂಗ್ರಹಿಸಿದ. ಅದರಿಂದ ಪ್ಯಾಕ್ಲಿಟ್ಯಾಕ್ಸೆಲ್ ಬೇರ್ಪಡಿಸಿ ರಚನೆ ಕಂಡುಹಿಡಿದದ್ದು ಮನ್ರೋ ವಾಲ್ ಮತ್ತು ನಮ್ಮ ಮಹಾರಾಷ್ಟ್ರದ ಮನ್ಸುಖ್ ವಾನಿ, 1971ರಲ್ಲಿ. ಔಷಧಿಯಾಗಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ತೊಗಟೆಯಿಂದ ಬಾಟಲಿಗೆ ಮೂವತ್ತು ವರ್ಷ! ನೀರಿನಲ್ಲಿ ಕರಗದ ಈ ವಸ್ತುವನ್ನು ಹರಳೆಣ್ಣೆಯಿಂದ ತಯಾರಿಸಿದ ದ್ರಾವಕದಲ್ಲಿ ಕರಗಿಸಿ ಕೊಡಬೇಕಿತ್ತು. ಆ ದ್ರಾವಕಕ್ಕೇ ಕೆಲವರ ಮೈ ತಿರುಗಿಬೀಳುತ್ತಿತ್ತು, ಉಸಿರು ಕಟ್ಟುತ್ತಿತ್ತು. ಅದಕ್ಕೆಂದೇ ಮೊದಲು ಸ್ಟೀರಾಯ್ಡ್ ಕೊಟ್ಟು ಸಿದ್ಧ ಮಾಡುತ್ತಿದ್ದರು. ಗಿಡದ ಮದ್ದಿಗಿಂತ ಗಿಡದ ಎಣ್ಣೆಯೇ ಹೆಚ್ಚು ಕಾಟ ಕೊಟ್ಟ ಪ್ರಸಂಗ ಇದು. 2005ರಲ್ಲಿ ಬಂದ ಅಬ್ರಾಕ್ಸೇನ್ ಆ ದ್ರಾವಕವನ್ನು ಬಿಟ್ಟು, ಮನುಷ್ಯರ ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಮದ್ದನ್ನು ಅಂಟಿಸಿ 130 ನ್ಯಾನೊಮೀಟರಿನ ಕಣವಾಗಿಸಿತು. ಸರಕು ಮರದ್ದು, ಬಂಡಿ ನಮ್ಮದೇ ರಕ್ತದ್ದು.

ಇನ್ನೊಂದು ಉದಾಹರಣೆ ನಮ್ಮ ಘಟ್ಟಕ್ಕೂ ನಂಟುಳ್ಳದ್ದು. ಇದೇ ವಾಲ್ ಮತ್ತು ವಾನಿ 1966ರಲ್ಲಿ ಚೀನಾದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ಕಂಡುಹಿಡಿದಿದ್ದರು. ಆರು ವರ್ಷದ ಬಳಿಕ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದನ್ನೇ ಪಶ್ಚಿಮಘಟ್ಟದ ಮರವೊಂದರಲ್ಲಿ ಕಂಡರು. ಕಡಿದರೆ ಮೂಗು ಮುಚ್ಚಿಕೊಳ್ಳುವಂತೆ ನಾರುವ, ದುರ್ವಾಸನೆ ಮರ ಎಂದೇ ಕರೆಸಿಕೊಳ್ಳುವ ಮರ ಅದು. ಕ್ಯಾಂಪ್ಟೊಥೆಸಿನ್‌ನಿಂದ ಹುಟ್ಟಿದ ಇರಿನೊಟೆಕಾನ್ 1996ರಲ್ಲಿ ಅಮೆರಿಕದಲ್ಲಿ ಔಷಧಿಯಾಯಿತು. 2015ರಲ್ಲಿ ಅದನ್ನೇ ಕೊಬ್ಬಿನ ನ್ಯಾನೊ ಗುಳ್ಳೆಯೊಳಗೆ ತುಂಬಿದ ಒನಿವೈಡ್ ಬಂತು, ಮೇದೋಜೀರಕದ ಕ್ಯಾನ್ಸರಿಗೆ. ಇಷ್ಟೆಲ್ಲ ಆಗಿ ಸಿಕ್ಕ ಫಲವನ್ನೂ ನೋಡಿ. ಮೊದಲ ಚಿಕಿತ್ಸೆ ಕೈಕೊಟ್ಟ ರೋಗಿಗಳಲ್ಲಿ ಒನಿವೈಡನ್ನು ಇತರ ಔಷಧಿಗಳ ಜೊತೆ ಕೊಟ್ಟಾಗ ಬದುಕಿನ ಮಧ್ಯಾಂಕ ಅವಧಿ 6.1 ತಿಂಗಳು, ಇತರ ಔಷಧಿಗಳಷ್ಟನ್ನೇ ಕೊಟ್ಟವರಲ್ಲಿ 4.2. ಅದೇ ಕ್ಯಾನ್ಸರಿಗೆ ಮೊದಲ ಚಿಕಿತ್ಸೆಯಾಗಿ ಅಬ್ರಾಕ್ಸೇನ್ ಸೇರಿಸಿದಾಗ 8.5 ತಿಂಗಳು, ಸೇರಿಸದಿದ್ದಾಗ 6.7. ಎರಡರಲ್ಲೂ ಗಳಿಕೆ ಎರಡು ತಿಂಗಳಿಗಿಂತ ಕಡಿಮೆ.

ಈ ಅಂಕಿಗಳನ್ನು ಓದಿ ನಿರಾಶರಾಗಬೇಕೇ? ಮೇದೋಜೀರಕದ ಕ್ಯಾನ್ಸರ್ ಎಂಥದ್ದೆಂದು ಬಲ್ಲ ವೈದ್ಯರು ಆ ಎರಡು ತಿಂಗಳನ್ನು ಹಗುರವಾಗಿ ಕಾಣುವುದಿಲ್ಲ. ಮಗಳ ಮದುವೆ ನೋಡಲು, ಜಮೀನಿನ ಪತ್ರ ಸರಿಮಾಡಲು ಎರಡು ತಿಂಗಳು ಸಾಕಾಗುವುದುಂಟು. ನಾನು ಹೇಳಬಯಸುವುದು ಅಳತೆಗೋಲಿನ ಮಾತು. ಪರೀಕ್ಷೆಗಳನ್ನೆಲ್ಲ ಗೆದ್ದ ಸಸ್ಯಮೂಲ ನ್ಯಾನೊ ಔಷಧಿ ‘ಒಂದೂ ಮುಕ್ಕಾಲು ತಿಂಗಳು’ ಎಂದು ತಗ್ಗಿದ ದನಿಯಲ್ಲಿ ಮಾತಾಡುತ್ತದೆ. ಒಂದು ಪರೀಕ್ಷೆಯನ್ನೂ ಬರೆಯದ ಎಲೆಯ ಕಣ ‘ಅಡ್ಡಪರಿಣಾಮವಿಲ್ಲದೆ ಸಂಪೂರ್ಣ ನಾಶ’ ಎಂದು ಕೂಗುತ್ತದೆ. ದನಿಯ ಎತ್ತರ ನೋಡಿಯೇ ಬಹಳಷ್ಟನ್ನು ಅಂದಾಜು ಮಾಡಬಹುದು.

ಈಗ ಅಲಸಂದೆಗೆ ಬರೋಣ. ನನ್ನ ಮಟ್ಟಿಗೆ ಈ ಚೀಲದಲ್ಲಿರುವ ಅತ್ಯಂತ ಕುತೂಹಲದ ವಸ್ತು ಇದೇ, ಮತ್ತು ಇದಕ್ಕೂ ಗಿಡದ ಔಷಧೀಯ ಗುಣಕ್ಕೂ ಸಂಬಂಧವೇ ಇಲ್ಲ. ಅಲಸಂದೆ ಮೊಸಾಯಿಕ್ ನಂಜಾಣುವನ್ನು ಮೊದಲು ವಿವರಿಸಿದ್ದು 1959ರಲ್ಲಿ, ನೈಜೀರಿಯಾದ ಬೆಳೆಯಲ್ಲಿ. ಅಡ್ಡಗಲ ಸುಮಾರು 30 ನ್ಯಾನೊಮೀಟರ್. ಎರಡು ಬಗೆಯ ಪ್ರೋಟೀನುಗಳ ಅರವತ್ತರವತ್ತು ಪ್ರತಿಗಳು ಒಪ್ಪವಾಗಿ ಹೆಣೆದುಕೊಂಡು ಆದ ಚೆಂಡು, ಒಳಗೆ ಆರ್‌ಎನ್‌ಎ ಎಳೆ. ಯಾವ ಕಾರ್ಖಾನೆಯೂ ಇಷ್ಟು ಕರಾರುವಾಕ್ಕಾಗಿ ಒಂದೇ ಅಚ್ಚಿನ ಕೋಟ್ಯಂತರ ಕಣಗಳನ್ನು ಎರಕ ಹೊಯ್ಯಲಾರದು. ಗಿಡ ಬಿಸಿಲು, ನೀರು, ಮಣ್ಣಿನಲ್ಲೇ ಅದನ್ನು ಮಾಡಿ ಮುಗಿಸುತ್ತದೆ. ಮನುಷ್ಯರ, ಪ್ರಾಣಿಗಳ ಕೋಶದಲ್ಲಿ ಇದು ಬೆಳೆಯುವುದಿಲ್ಲ. ನಂಜು ಹತ್ತಿದ ಗಿಡದ ಕಾಯಿಯ ಪಲ್ಯವನ್ನು ತಿಳಿಯದೆ ತಿಂದವರು ಎಷ್ಟೋ ಮಂದಿ ಇರಬೇಕು.

ಬ್ರಿಟನ್ನಿನ ಜಾನ್ ಇನ್ನೆಸ್ ಕೇಂದ್ರದಲ್ಲಿ ಪಿಎಚ್.ಡಿ. ಮಾಡುವಾಗ ಈ ನಂಜಾಣುವಿನ ಸಹವಾಸಕ್ಕೆ ಬಿದ್ದ, ಈಗ ಸ್ಯಾನ್ ಡಿಯಾಗೊದ ತಂಡವನ್ನು ನಡೆಸುವ ನಿಕೋಲ್ ಸ್ಟೈನ್‌ಮೆಟ್ಜ್ ಇಂದಿಗೂ ಅದನ್ನು ಬಿಟ್ಟಿಲ್ಲ. ಈ ಕಣಗಳನ್ನು ಔಷಧಿ ಹೊರುವ ಬಂಡಿಯಾಗಿ ಬಳಸುವ ಆಲೋಚನೆ ಮೊದಲಿನಿಂದ ಇತ್ತು. ಬಂಡಿ ಖಾಲಿಯಿದ್ದರೂ ಕೆಲಸ ಮಾಡುತ್ತದೆ ಎಂಬುದು ಆಮೇಲೆ ತಿಳಿಯಿತು. 2016ರಲ್ಲಿ ಡಾರ್ಟ್‌ಮತ್‌ನ ಸ್ಟೀವನ್ ಫಿಯರಿಂಗ್ ಜೊತೆ ಸೇರಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ ಆರ್‌ಎನ್‌ಎ ಇಲ್ಲದ ಬರಿ ಚೆಂಡುಗಳನ್ನು ಇಲಿಗಳ ಶ್ವಾಸಕೋಶಕ್ಕೆ ಉಸಿರಿನ ಮೂಲಕ ಕೊಡಲಾಗಿತ್ತು. ಅಲ್ಲಿ ಹರಡಿದ್ದ ಚರ್ಮದ ಕ್ಯಾನ್ಸರಿನ ಗಂಟುಗಳು ಗಣನೀಯವಾಗಿ ಕಡಿಮೆಯಾದವು. ಕಣಗಳು ಕ್ಯಾನ್ಸರ್ ಕೋಶವನ್ನು ಮುಟ್ಟಿ ಕೊಂದಿರಲಿಲ್ಲ. ತಟ್ಟೆಯಲ್ಲಿ ಕೋಶಗಳ ಮೇಲೆ ಸುರಿದರೆ ಅವುಗಳಿಗೆ ಏನೂ ಆಗುವುದೂ ಇಲ್ಲ! ಎಲೆಯ ಬೆಳ್ಳಿಗೆ ಹೊಗಳಿಕೆ ತಂದುಕೊಟ್ಟ ಪರೀಕ್ಷೆಯಲ್ಲಿ ಇದು ಸೊನ್ನೆ ಅಂಕ ತೆಗೆಯುತ್ತದೆ.

ಕೆಲಸ ಮಾಡುವವರು ಬೇರೆ. ಗಡ್ಡೆ ಒಂದು ಬಗೆಯಲ್ಲಿ ಪೊಲೀಸರಿಗೆ ಮಾಮೂಲಿ ಕೊಟ್ಟು ಬಾಯಿ ಮುಚ್ಚಿಸಿದ ಅಡ್ಡೆ. ರೋಗನಿರೋಧಕ ಕೋಶಗಳು ಅಲ್ಲೇ ಓಡಾಡಿಕೊಂಡಿದ್ದರೂ ಕಂಡೂ ಕಾಣದಂತಿರುತ್ತವೆ. ಅಲ್ಲಿಗೆ ನಂಜಾಣು ಬಂದು ಬಿದ್ದರೆ ಅವು ಬೆಚ್ಚಿಬೀಳುತ್ತವೆ. ವೈರಸ್ಸಿನ ಗುರುತು ಹಿಡಿಯುವ ಹಳೆಯ ಸಂವೇದಕಗಳು ನಮ್ಮ ಬಿಳಿ ರಕ್ತಕಣಗಳಲ್ಲಿವೆ; ವೈರಸ್ ಗಿಡದ್ದೋ ಮನುಷ್ಯರದೋ ಎಂದು ಅವು ಕೇಳುತ್ತ ಕೂರುವುದಿಲ್ಲ. ಗಂಟೆ ಬಾರಿಸುತ್ತದೆ, ಪಡೆ ನುಗ್ಗುತ್ತದೆ, ನುಗ್ಗಿದ ಮೇಲೆ ಪಕ್ಕದ ಕ್ಯಾನ್ಸರ್ ಕೋಶಗಳೂ ಕಣ್ಣಿಗೆ ಬೀಳುತ್ತವೆ. ಒಮ್ಮೆ ಹೀಗೆ ಗುರುತು ಸಿಕ್ಕ ಮೇಲೆ ಇಲಿಗಳಲ್ಲಿ ಅದೇ ಕ್ಯಾನ್ಸರನ್ನು ಮತ್ತೆ ನೆಟ್ಟರೂ ಬೇರೂರಲು ಬಿಡಲಿಲ್ಲ.

ಇದು ಪೂರ್ತಿ ಹೊಸ ಯೋಚನೆಯಲ್ಲ. 1891ರಲ್ಲಿ ನ್ಯೂಯಾರ್ಕಿನ ವಿಲಿಯಂ ಕೋಲಿ ರೋಗಿಗಳ ಗಡ್ಡೆಗೆ ಬ್ಯಾಕ್ಟೀರಿಯಾ ಚುಚ್ಚಿ, ಜ್ವರ ಬರಿಸಿ, ಕೆಲವರಲ್ಲಿ ಗಡ್ಡೆ ಕರಗಿದ್ದನ್ನು ಕಂಡಿದ್ದ. ನಮ್ಮ ಎಡತೋಳಿನಲ್ಲಿ ಕಲೆ ಉಳಿಸಿರುವ ಬಿಸಿಜಿ ಲಸಿಕೆಯನ್ನೇ ಮೂತ್ರಕೋಶದ ಕ್ಯಾನ್ಸರಿಗೆ ಆ ಮೂತ್ರಕೋಶದೊಳಕ್ಕೇ ಹನಿಸುವ ಚಿಕಿತ್ಸೆಯನ್ನು 1976ರಲ್ಲಿ ಕೆನಡಾದ ಅಲ್ವಾರೊ ಮೊರಾಲೆಸ್ ವರದಿ ಮಾಡಿದ. ಅದು ಇಂದಿಗೂ ಊರೂರಲ್ಲಿ ಬಳಕೆಯಲ್ಲಿದೆ. ಅಲಸಂದೆಯ ನಂಜು ಈ ವಂಶದ ಕುಡಿ. ಜೀವಂತ ಬ್ಯಾಕ್ಟೀರಿಯಾದಿಂದ ಆಗಬಹುದಾದ ಸೋಂಕಿನ ಭಯ ಇದಕ್ಕಿಲ್ಲ ಎಂಬುದು ಹೆಚ್ಚುಗಾರಿಕೆ.

ಆದರೆ ಯಾವ ಗಿಡದ ವೈರಸ್ಸಾದರೂ ಆದೀತೇ? ಈ ಸಂಶೋಧನೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದ ಘಟ್ಟ ಇದೇ. ಅಲಸಂದೆಗೇ ತಗಲುವ ಇನ್ನೊಂದು ನಂಜಾಣುವಿದೆ. ಹೆಚ್ಚುಕಡಿಮೆ ಅದೇ ಗಾತ್ರ, ಅದೇ ಆಕಾರ, ಅದೇ ಬಗೆಯ ಆರ್‌ಎನ್‌ಎ. ರೋಗನಿರೋಧಕ ಕೋಶಗಳು ಅದನ್ನೂ ಅಷ್ಟೇ ನುಂಗುತ್ತವೆ. ಗಡ್ಡೆಯ ಮೇಲೆ ಮಾತ್ರ ಪರಿಣಾಮವಿಲ್ಲ. ಯಾಕೆ ಹೀಗೆ ಎಂದು ತಂಡ ಬೆನ್ನು ಹತ್ತಿತು. 2025ರಲ್ಲಿ ಪ್ರಕಟವಾದ ಹೋಲಿಕೆಯ ಪ್ರಕಾರ, ಕೆಲಸ ಮಾಡುವ ನಂಜಾಣು ಇಂಟರ್‌ಫೆರಾನ್‌ಗಳೆಂಬ ಸಂಕೇತಗಳನ್ನು ಹೊರಡಿಸುತ್ತದೆ. ಅದರ ಆರ್‌ಎನ್‌ಎ ಕೋಶದೊಳಗೆ ಹೆಚ್ಚು ಹೊತ್ತು ಉಳಿದು ಸರಿಯಾದ ಸಂವೇದಕವನ್ನು ಮುಟ್ಟುತ್ತದೆ. ಇನ್ನೊಂದು ಬೇರೆ ಬಗೆಯ ಉರಿಯೂತ ಎಬ್ಬಿಸಿ ಸುಮ್ಮನಾಗುತ್ತದೆ. ಹೀಗೆ ‘ಕೆಲಸ ಮಾಡದ ಅವಳಿ’ಯನ್ನು ಪಕ್ಕದಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆಯೇ ವಿಜ್ಞಾನ. ಎಲೆಯ ಬೆಳ್ಳಿಯ ಪ್ರಬಂಧಗಳಲ್ಲಿ ಎಲೆಯಿಲ್ಲದೆ ಮಾಡಿದ ಅಷ್ಟೇ ಗಾತ್ರದ ಬೆಳ್ಳಿಯ ಕಣವನ್ನು ಪಕ್ಕದಲ್ಲಿಟ್ಟು ನೋಡಿದ್ದಾರೆಯೇ ಎಂದು ಹುಡುಕಿ. ಅಂಥದ್ದು ಸಿಕ್ಕರೆ ಆ ಪ್ರಬಂಧವನ್ನು ಗೌರವದಿಂದ ಓದಬೇಕು.

ಇಲಿಗಳಿಂದ ಮುಂದೆ ಸಂಶೋಧನೆ ಸಾಕುನಾಯಿಗಳತ್ತ ಸಾಗಿದೆ. ಪ್ರಯೋಗಾಲಯದ ಇಲಿಗೆ ಗಡ್ಡೆಯನ್ನು ನೆಡುತ್ತಾರೆ. ನಾಯಿಗೆ ಅದು ವಯಸ್ಸಾದಂತೆ ತಾನಾಗಿ ಬರುತ್ತದೆ, ನಮಗೆ ಬರುವಂತೆಯೇ. ಮ್ಯಾಡ್ರಿಡ್‌ನ ಕಂಪ್ಲೂಟೆನ್ಸೆ ವಿಶ್ವವಿದ್ಯಾಲಯದ ಪಶುವೈದ್ಯರು ಉರಿಯೂತದ ಸ್ತನ ಕ್ಯಾನ್ಸರ್ ಬಂದ ನಾಯಿಗಳ ಗಡ್ಡೆಗೆ ಈ ಕಣ ಚುಚ್ಚಿ ಗಡ್ಡೆ ಕುಗ್ಗಿದ್ದನ್ನು 2022ರಲ್ಲಿ ವರದಿ ಮಾಡಿದರು. ನಾಯಿಗಳ ಸಂಖ್ಯೆ ಬೆರಳೆಣಿಕೆಯದು ಎಂಬುದನ್ನೂ ಹೇಳಲೇಬೇಕು. ಸೂಜಿ ಮುಟ್ಟಲಾಗದ ಆಳದ ಗಡ್ಡೆಗೆ ಏನು ಮಾಡುವುದು, ಮತ್ತೆ ಮತ್ತೆ ಕೊಟ್ಟರೆ ದೇಹ ಕಣದ ವಿರುದ್ಧವೇ ಪ್ರತಿಕಾಯ ಕಟ್ಟಿದರೆ ಹೇಗೆ, ಕಣ ಹೊಲಕ್ಕೆ ತಪ್ಪಿಸಿಕೊಂಡು ಹೋಗದಂತೆ ಮೊದಲೇ ನಿಷ್ಕ್ರಿಯಗೊಳಿಸಿದರೆ ಶಕ್ತಿ ಎಷ್ಟು ಉಳಿದೀತು ಎಂಬ ಪ್ರಶ್ನೆಗಳು ಸಾಲಾಗಿ ನಿಂತಿವೆ. ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಔಷಧಿಗಳಿಗೆ ಲೆಕ್ಕವಿಲ್ಲ. ಇದೂ ಆ ಪಟ್ಟಿಗೆ ಸೇರಬಹುದು. ಆದರೂ ಇದರ ಮೇಲೆ ಪಣ ಕಟ್ಟಲು ನನಗೆ ಇನ್ನೊಂದು ಕಾರಣವಿದೆ.

ಅದು ಕಾಡಿನ ಕಾರಣ. ಮರದ ಮದ್ದು ನಿಜಕ್ಕೂ ಕೆಲಸ ಮಾಡಿದಾಗ ಮರಕ್ಕೆ ಏನಾಯಿತೆಂದು ನೋಡಿದ್ದೇವೆ. ಯೂ ಮರದ ತೊಗಟೆ ಸುಲಿದರೆ ಮರವೇ ಸಾಯುತ್ತದೆ; ಒಬ್ಬ ರೋಗಿಯ ಚಿಕಿತ್ಸೆಗೆ ಒಂದಕ್ಕಿಂತ ಹೆಚ್ಚು ಮರ ಬೇಕಾಗುತ್ತಿದ್ದ ಕಾಲವಿತ್ತು. ಎಲೆಯಿಂದ ತೆಗೆದ ವಸ್ತುವನ್ನು ಪ್ರಯೋಗಾಲಯದಲ್ಲಿ ಮಾರ್ಪಡಿಸುವ ದಾರಿ ಸಿಗುವವರೆಗೆ ಅಮೆರಿಕದಲ್ಲಿ ಅದೊಂದು ದೊಡ್ಡ ವಿವಾದವಾಗಿತ್ತು. ಹಿಮಾಲಯದ ಯೂ ಕೂಡ ಅದೇ ಗತಿ ಕಂಡಿತು. ಪಶ್ಚಿಮಘಟ್ಟದ ದುರ್ವಾಸನೆ ಮರವನ್ನು ಔಷಧಿ ಕಂಪನಿಗಳಿಗೆ ಪೂರೈಸಲು ವಿಪರೀತವಾಗಿ ಕಡಿದದ್ದನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅಲಸಂದೆಗೆ ಆ ಭಯವಿಲ್ಲ. ಬಿತ್ತಿದ ಕೆಲವು ವಾರದಲ್ಲಿ ಎಲೆ ಕೈಗೆ ಬರುತ್ತದೆ.

ಹೀಗೆ ಬರೆದರೆ ಬಡ ಕಾಲೇಜುಗಳ ಎಲೆ ಪ್ರಯೋಗವನ್ನು ಲೇವಡಿ ಮಾಡಿದಂತಾಯಿತು ಎಂದು ಗೆಳೆಯ ಮುನಿಸಿಕೊಂಡ. ಅವನ ಮಾತಿನಲ್ಲಿ ಹುರುಳಿದೆ. ಕೋಟಿ ರೂಪಾಯಿಯ ಯಂತ್ರವಿಲ್ಲದ ಊರಿನಲ್ಲಿ ಒಬ್ಬ ಹುಡುಗಿ ಬೇವಿನೆಲೆ ಕುದಿಸಿ ನ್ಯಾನೊ ಕಣ ಮಾಡಿ, ಅದರ ಗಾತ್ರ ಅಳೆಯಲು ಕಲಿತರೆ ಅದು ಸಣ್ಣ ಸಂಗತಿಯಲ್ಲ. ನನ್ನ ಆಕ್ಷೇಪ ಆ ಹುಡುಗಿಯ ಮೇಲಲ್ಲ. ವರ್ಷಕ್ಕೆ ಇಷ್ಟು ಪ್ರಬಂಧ ಎಂದು ಎಣಿಸುವ ವ್ಯವಸ್ಥೆ ಅವಳ ಅಭ್ಯಾಸದ ಪಾಠಕ್ಕೆ ಕ್ಯಾನ್ಸರಿನ ಹೆಸರು ಕಟ್ಟಿ ಪೇಟೆಗೆ ಕಳಿಸುತ್ತದೆಯಲ್ಲ, ಅದರ ಮೇಲೆ. ಅರಿಸಿನದ ಕರ್ಕ್ಯುಮಿನ್ ಮೇಲೆ ನೂರಿಪ್ಪತ್ತಕ್ಕೂ ಹೆಚ್ಚು ಮಾನವ ಪ್ರಯೋಗಗಳು ನಡೆದೂ ಕಟ್ಟುನಿಟ್ಟಿನ ಒಂದರಲ್ಲೂ ಗೆಲುವು ಸಿಕ್ಕಿಲ್ಲ ಎಂದು 2017ರಲ್ಲಿ ಔಷಧ ರಸಾಯನಜ್ಞರು ಲೆಕ್ಕ ಹಾಕಿ ತೋರಿಸಿದರು. ಆಮೇಲೂ ನ್ಯಾನೊ ಕರ್ಕ್ಯುಮಿನ್ ಎಂದು ಹೊಸ ಅಂಗಿ ತೊಡಿಸಿ ಹಳೆಯ ಓಟ ಮುಂದುವರಿದಿದೆ. ನಂಜುರೋಗ ಬಲ್ಲವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿದ್ದಾರೆ, ಕ್ಯಾನ್ಸರ್ ಬಲ್ಲವರು ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯಲ್ಲಿದ್ದಾರೆ. ನೂರು ಎಲೆಗಳ ಬದಲು ಒಂದು ಗಟ್ಟಿ ಪ್ರಶ್ನೆ ಹಿಡಿದು ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸುವುದಕ್ಕೆ ಹಣ ಕೊಡುವುದು ಮೇಲು ಎಂದು ನನಗನ್ನಿಸುತ್ತದೆ.

‘ಗಿಡದ್ದು ತಾನೇ, ಕೆಟ್ಟದ್ದಂತೂ ಆಗಲ್ಲ’ ಎನ್ನುವ ಸಮಾಧಾನದ ಬಗ್ಗೆ ಕನ್ನಡಿಗರು ಇನ್ನೊಂದಿಷ್ಟು ಎಚ್ಚರದಿಂದಿರಬೇಕು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಪಿರಿಯಾಪಟ್ಟಣ, ಹುಣಸೂರಿನ ಹೊಗೆಸೊಪ್ಪಿನ ವಿಷಯ ಹೇಳುವುದೇ ಬೇಡ. ಅವೆರಡೂ ನೂರಕ್ಕೆ ನೂರು ಸಸ್ಯಮೂಲ. 2022ರ ಅಂದಾಜಿನಂತೆ ಭಾರತದಲ್ಲಿ ಒಂದು ವರ್ಷಕ್ಕೆ ಹೊಸದಾಗಿ ಕ್ಯಾನ್ಸರ್ ತಗಲುವವರು 14 ಲಕ್ಷ, ಸಾಯುವವರು 9 ಲಕ್ಷ. ಈ ಸಾವುಗಳಲ್ಲಿ ತಡವಾಗಿ ಆಸ್ಪತ್ರೆಗೆ ಬಂದವರದು ದೊಡ್ಡ ಪಾಲು. ಯೇಲ್ ವಿಶ್ವವಿದ್ಯಾಲಯದ ವೈದ್ಯರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಣಪಡಿಸಬಹುದಾದ ಹಂತದಲ್ಲಿದ್ದೂ ಬರಿ ಪರ್ಯಾಯ ಚಿಕಿತ್ಸೆಯನ್ನೇ ನೆಚ್ಚಿದವರಿಗೆ ಸಾವಿನ ಅಪಾಯ ಎರಡೂವರೆ ಪಟ್ಟು ಹೆಚ್ಚಿತ್ತು; ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಮೀರಿ. ಈ ಕೊನೆಯ ಅಂಕಿಯನ್ನು ಚಿಕ್ಕಮ್ಮನಿಗೆ ಹೇಳಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಹೇಳಲಿಲ್ಲ. ಅವರು ಹೇಗೂ ಒಂದು ದಿನವೂ ರೇಡಿಯೇಷನ್ ತಪ್ಪಿಸಿರಲಿಲ್ಲ. ಫಾರ್ವರ್ಡುಗಳನ್ನು ಓದುತ್ತಿದ್ದರು, ಅಷ್ಟೇ.

ಅಲಸಂದೆಯ ಕತೆಯನ್ನು ಮಾತ್ರ ಹೇಳಿದೆ. ಅವರು ಕನ್ನಡಕ ತೆಗೆದು ಕೇಳಿಸಿಕೊಂಡರು.

“ಅಂದ್ರೆ ಅಲಸಂದೆ ಸಾರು ಮಾಡ್ಕೊಂಡು ತಿಂದ್ರೆ ಆಗಲ್ವಾ?”

“ಆಗಲ್ಲ ಚಿಕ್ಕಮ್ಮ. ನಂಜು ಹತ್ತಿದ ಎಲೆಯಿಂದ ಬೇರೆ ಮಾಡಿ, ಶುದ್ಧ ಮಾಡಿ, ಗಡ್ಡೆಗೇ ಚುಚ್ಚಬೇಕು. ಇನ್ನೂ ಇಲಿ, ನಾಯಿಗಳಲ್ಲಿ ನೋಡ್ತಿದ್ದಾರೆ.”

“ನಾಯಿಗೆ ಗುಣ ಆಯ್ತಂತಾ?”

“ಕೆಲವಕ್ಕೆ ಗಡ್ಡೆ ಸಣ್ಣದಾಗಿದೆ.”

“ಪಾಪ,” ಎಂದರು. ಯಾರಿಗೆ ಎಂದು ಗೊತ್ತಾಗಲಿಲ್ಲ. ಆಮೇಲೆ ಫೋನನ್ನು ಮಗುಚಿ ಮೇಜಿನ ಮೇಲಿಟ್ಟು, “ನಾಳೆ ಎಂಟು ಗಂಟೆಗೇ ಹೊರಡಬೇಕು ಕಣೋ, ಆಟೋದವನಿಗೆ ಈಗ್ಲೇ ಹೇಳಿಬಿಡು. ನಿನ್ನೆ ತಡ ಮಾಡಿದ,” ಎಂದರು.